ಪೊಟ್ಟಣದ ಬೆನ್ನು ಓದುವ ಅಣ್ಣ

ನ್ಯಾಮತಿಯ ನಮ್ಮ ಕಿರಾಣಿ ಅಂಗಡಿಗೆ ಅಣ್ಣ ಬಂದ ದಿನ ವ್ಯಾಪಾರ ಅಷ್ಟಕ್ಕಷ್ಟೆ. ಗಿರಾಕಿಗಳು ಕಾಲಿಡುವ ಜಾಗದಲ್ಲೇ ಬೈಕ್ ನಿಲ್ಲಿಸಿ, ಹೆಲ್ಮೆಟ್ಟನ್ನು ಅಕ್ಕಿ ಚೀಲದ ಮೇಲಿಟ್ಟು, ಜೇಬಿನಿಂದ ಭೂತಗನ್ನಡಿ ತೆಗೆಯುತ್ತಿದ್ದ. ಆಮೇಲೆ ಒಂದೊಂದೇ ಪೊಟ್ಟಣ ಎತ್ತಿಕೊಂಡು, ಮುಂದಿನ ಚಿತ್ರದ ಕಡೆ ಕಣ್ಣೂ ಹಾಯಿಸದೆ, ಬೆನ್ನು ತಿರುಗಿಸಿ, ಅಲ್ಲಿರುವ ಸಾಸಿವೆಗಿಂತ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಮಗುವಿಗೆ ಕ್ರೀಮ್ ಬಿಸ್ಕತ್ತು ಕೇಳಲು ಬಂದ ಹೆಂಗಸಿಗೆ, ಆಕೆ ಕೇಳದಿದ್ದರೂ, ಒಳಗೆ ಬೆರೆಸಿದ ವಸ್ತುಗಳ ನಂಬರು ಹಿಡಿದು, ಇದರಲ್ಲಿ ನೂರಾ ಎರಡು ಇದೆ, ಮುನ್ನೂರಾ ಇಪ್ಪತ್ತೆರಡು ಇದೆ, ಐನೂರೂ ಇದೆ ಎಂದು ವರದಿ ಒಪ್ಪಿಸುತ್ತಿದ್ದ. ಆಕೆ ಪಾಪ ಬಿಸ್ಕತ್ತು ಅಲ್ಲೇ ಇಟ್ಟು, ಬರೀ ಸಕ್ಕರೆ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಸಕ್ಕರೆಯ ಬಗ್ಗೆ ಅಣ್ಣನಿಗೆ ಹೇಳಬೇಕಾದದ್ದು ಬೇರೆಯೇ ಇತ್ತು. ಅದನ್ನು ಹೇಳುತ್ತಾ ಆಕೆಯ ಹಿಂದೆ ರಸ್ತೆಯವರೆಗೂ ಹೋಗುತ್ತಿದ್ದ.

ನನಗೆ ಸಿಟ್ಟು ಬೇಗ ಬರುತ್ತದೆ. ಆದರೆ ತವರಿನವನು, ಹಿರಿಯವನು. ಗಂಡನ ಎದುರಿಗೆ ಬೈಯುವಂತಿಲ್ಲ. ಗಂಡ ಸಭ್ಯಸ್ಥ. ಭಾವ ಬಂದ ಸದ್ದು ಕೇಳಿದರೆ ಗೋದಾಮಿನಲ್ಲಿ ಏನೋ ಕೆಲಸ ನೆನಪಾಗಿ ಒಳಗೆ ಹೋಗಿಬಿಡುತ್ತಿದ್ದರು.

ಅಣ್ಣ ಸುಮ್ಮನೆ ಹೀಗಾದವನಲ್ಲ. ಅವನ ಬಾಯಿ ಉರಿಯುತ್ತಿತ್ತು. ಚನ್ನಗಿರಿ ಕಡೆಯ ನಮ್ಮ ತವರಿನಲ್ಲಿ ಅವನ ಬಾಯಿಗೆ ಒಂದು ಹೆಸರಿತ್ತು. ಸಂತೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ಹೋದರೆ, ಬಿಸಿ ಬಜ್ಜಿಯ ತೊಟ್ಟು ಹಿಡಿದು ಇಡಿಯಾಗಿ ಬಾಯಿಗಿಟ್ಟು, ಬರೀ ತೊಟ್ಟನ್ನು ಆಚೆ ಎಳೆಯುವವನು. ಜೊತೆಗೆ ಹಸಿ ಮೆಣಸಿನಕಾಯಿ ಬೇರೆ ಬೇಕು. ಅಂಥವನಿಗೆ ಮನೆಯ ಬೇಳೆ ಸಾರು ಉಂಡರೆ ಕಣ್ಣಲ್ಲಿ ನೀರು ಬರತೊಡಗಿತು. ಮೊದಲು ಅತ್ತಿಗೆ ಖಾರ ಜಾಸ್ತಿ ಹಾಕಿದಳೆಂದು ಜಗಳ. ಅತ್ತಿಗೆ ಖಾರ ಕಡಿಮೆ ಮಾಡಿದಳು, ಉರಿ ಕಡಿಮೆಯಾಗಲಿಲ್ಲ. ಖಾರವನ್ನೇ ಬಿಟ್ಟಳು, ಆಗಲೂ ಉರಿಯಿತು. ಊಟ ಅಂದರೆ ಹಬ್ಬ ಅನ್ನುತ್ತಿದ್ದವನು ತಟ್ಟೆ ಕಂಡರೆ ಹೆದರುವ ಹಾಗಾದ. ನನ್ನ ಬಾಯಿ ಯಾರೋ ಕೆಡಿಸಿದ್ದಾರೆ, ಅದು ಯಾರೆಂದು ಪತ್ತೆ ಮಾಡಿಯೇ ತೀರುತ್ತೇನೆ ಎಂದು ಅವನು ಹಟ ಹಿಡಿದದ್ದು ಆಗಲೇ.

ಪತ್ತೆಗೆ ಫೋನು ನೆರವಾಯಿತು. ಅದರೊಳಗೆ ಬಿಳಿ ಕೋಟಿನ ಒಬ್ಬ ಮನುಷ್ಯ ದಿನಾ ಕಾಣಿಸಿಕೊಂಡು, ನಿಮ್ಮ ಅಡುಗೆಮನೆಯಲ್ಲೇ ನಿಮ್ಮ ಶತ್ರು ಕೂತಿದ್ದಾನೆ ಎಂದು ಹೆದರಿಸುತ್ತಿದ್ದ. ಆ ಮನುಷ್ಯ ಡಾಕ್ಟರೋ ಕಾಂಪೌಂಡರೋ, ಇಲ್ಲಾ ಕೋಟು ಬಾಡಿಗೆಗೆ ತಂದವನೋ ದೇವರೇ ಬಲ್ಲ. ಪೊಟ್ಟಣದ ಮೇಲೆ ಬರೆದ ಸಂಖ್ಯೆಗಳೆಲ್ಲ ವಿಷದ ಗುಪ್ತ ಹೆಸರುಗಳು ಎಂದು ಅವನು ಹೇಳಿದ್ದೇ ಅಣ್ಣನಿಗೆ ಮಂತ್ರವಾಯಿತು. ಅಂದಿನಿಂದ ಸಂಖ್ಯೆ ಇದ್ದದ್ದೆಲ್ಲ ವಿಷ, ಸಂಖ್ಯೆ ಇಲ್ಲದ್ದೆಲ್ಲ ಅಮೃತ.

ಇದರಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಂಗಡಿ ಇಟ್ಟವಳು ನಾನು, ನನಗೂ ಓದಲು ಬರುತ್ತದೆ. ಗೋಬಿಗೂ ಬೊಂಬಾಯಿ ಮಿಠಾಯಿಗೂ ಬಟ್ಟೆಗೆ ಹಾಕುವ ಬಣ್ಣ ಕಲಸುತ್ತಿದ್ದಾರೆಂದು ಸರ್ಕಾರವೇ ತಡೆ ಹಾಕಿತ್ತು. ಕೆಲವು ಹಳದಿ ಕೆಂಪು ಬಣ್ಣಗಳಿಂದ ಕೆಲವು ಮಕ್ಕಳಿಗೆ ಚಡಪಡಿಕೆ ಹೆಚ್ಚಾಗಬಹುದು ಅನ್ನುತ್ತಾರೆ. ಒಣದ್ರಾಕ್ಷಿ ಕೆಡದ ಹಾಗೆ ಹಾಕುವ ಗಂಧಕದ ವಸ್ತು ಉಬ್ಬಸದವರಿಗೆ ಆಗಿಬರದೆ ಇರಬಹುದು. ಆದರೆ ಅಣ್ಣ ಬೈದ ಐನೂರು ಅಂದರೆ ಅಡುಗೆ ಸೋಡಾ. ಮುನ್ನೂರಾ ಮೂವತ್ತು ಅಂದರೆ ನಿಂಬೆ ಉಪ್ಪು. ಮುನ್ನೂರು ಅಂದರೆ ನೆಲ್ಲಿಕಾಯಿಯಲ್ಲಿರುವ ವಿಟಮಿನ್ನು. ಇದನ್ನು ಹೇಳಿದರೆ, ಕಂಪನಿಯವರು ನಿನಗೆ ಕಮಿಷನ್ ಕೊಡುತ್ತಾರೆ, ನೀನು ಹಾಗೇ ಹೇಳಬೇಕು ಬಿಡು ಎಂದು ನಕ್ಕ. ಕಳ್ಳನನ್ನೂ ಪೋಸ್ಟ್‌ಮನ್ನನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಪೊಲೀಸಿನ ಹಾಗಿತ್ತು ಅವನ ತನಿಖೆ.

ನಮ್ಮ ಅಂಗಡಿಯ ಬಾಗಿಲಿಗೆ ಎಲ್ಲ ಅಂಗಡಿಗಳಂತೆ ಸುಪಾರಿ ಪೊಟ್ಟಣಗಳ ಸರ ನೇತಾಡುತ್ತಿತ್ತು. ಅಣ್ಣ ಅದನ್ನೂ ಬಿಡಲಿಲ್ಲ. ಪೊಟ್ಟಣ ಹರಿದು, ಬೆನ್ನು ಓದಿ, ಸ್ಯಾಕರಿನ್ನು, ಸೆಂಟು, ಇನ್ನೊಂದು ಮತ್ತೊಂದು ಹಾಕಿದ್ದಾರೆಂದು ಕೆಂಡವಾದ. ಇದು ಅಡಿಕೆಗೆ ಮಾಡಿದ ಅವಮಾನ ಅಂದ. ಪೊಟ್ಟಣದ ಮುಂಭಾಗದಲ್ಲಿ, ಭೂತಗನ್ನಡಿಯೇ ಬೇಕಿಲ್ಲದಷ್ಟು ದೊಡ್ಡ ಅಕ್ಷರದಲ್ಲಿ, ಸುಪಾರಿ ಅಗಿಯುವುದು ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚಾಗಿತ್ತು. ಅದನ್ನು ನನ್ನ ಗಂಡ ಬೆರಳಿಟ್ಟು ತೋರಿಸಿದರು. ಅಣ್ಣ ಕನಿಕರದಿಂದ ನೋಡಿ, ಅದು ಈ ಕಂಪನಿಯ ಸುಪಾರಿಗೆ ಹೇಳಿದ ಮಾತು ಮಾರಾಯರೆ, ನಮ್ಮ ಮನೆ ಅಡಿಕೆಗಲ್ಲ ಅಂದ. ನಾನೂ ಹೌದೆಂದು ತಲೆಯಾಡಿಸಿದೆ. ಅದೇ ಮನೆಯ ಮಗಳಲ್ಲವೇ ನಾನು. ನಮ್ಮ ಕಡೆ ಅಡಿಕೆ ತಿನ್ನುವ ವಸ್ತುಗಳ ಲೆಕ್ಕಕ್ಕೆ ಬರುವುದಿಲ್ಲ, ಚಟಗಳ ಲೆಕ್ಕಕ್ಕೂ ಬರುವುದಿಲ್ಲ. ಅದು ಬೆಳೆ, ಮರ್ಯಾದೆ, ಮದುವೆ, ಮನೆಯ ಮೊದಲ ಮಾತು.

ಅಡುಗೆಮನೆಯ ಶತ್ರುವನ್ನು ಅಣ್ಣ ಒಂದೊಂದಾಗಿ ಹೊರಗೆ ಹಾಕುತ್ತಾ ಬಂದ. ಬೇಕರಿ ಮೊದಲು ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ಆಮೇಲೆ ಹಪ್ಪಳ, ಅಂಗಡಿ ಉಪ್ಪಿನಕಾಯಿ, ಬಣ್ಣ ಬಳಿದಿದ್ದಾರೆಂಬ ಗುಮಾನಿಯ ಮೇಲೆ ತೊಗರಿಬೇಳೆ, ಅರಿಶಿನ ಪುಡಿ, ಚಹಾಪುಡಿ. ಬಿಳಿ ಬೆಲ್ಲ ಹೋಗಿ ಕಪ್ಪು ಬೆಲ್ಲ ಬಂತು, ಅದರಲ್ಲಿ ಸಿಕ್ಕ ಕಲ್ಲು ಕಡಿದು ಅತ್ತಿಗೆಯ ಹಲ್ಲು ಮುರಿಯಿತು. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಹಾಕುವ ವಸ್ತುವಿನ ಉದ್ದ ಹೆಸರಿನ ಕೊನೆಗೆ ಸೈನೈಡ್ ಎಂಬ ಸದ್ದು ಕೇಳಿದಂತಾಗಿ, ಅಣ್ಣ ಉಪ್ಪಿನ ಡಬ್ಬಿಯನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತ. ಮನೆ ಮಂದಿಯೆಲ್ಲ ಅಷ್ಟು ವರ್ಷ ಅದನ್ನೇ ಉಂಡು ಗಟ್ಟಿಮುಟ್ಟಾಗಿದ್ದಾರಲ್ಲ ಎಂದು ಅತ್ತಿಗೆ ಕೇಳಿದ್ದಕ್ಕೆ, ಅದೇ ನಿಧಾನ ವಿಷದ ಲಕ್ಷಣ ಎಂದು ಉತ್ತರ ಕೊಟ್ಟ.

ಒಂದೊಂದು ವಸ್ತು ಹೊರಗೆ ಹೋದಾಗಲೂ ಅವನು ಪರೀಕ್ಷೆ ಮಾಡುತ್ತಿದ್ದ. ಉಣ್ಣುವುದು, ಉರಿ ಇದೆಯೇ ನೋಡುವುದು, ಆಮೇಲೆ ಬಾಯಿ ಶುದ್ಧವಾಗಲೆಂದು ಎಲೆ ಅಡಿಕೆ ಹಾಕಿಕೊಳ್ಳುವುದು. ಉರಿ ಇದ್ದೇ ಇರುತ್ತಿತ್ತು. ಆಗ ಎಲೆ ಅಡಿಕೆಯ ಮೇಲೂ ಸ್ವಲ್ಪ ಗುಮಾನಿ ಬಂತು ಅನ್ನಿ. ಮನುಷ್ಯ ನ್ಯಾಯವಂತ, ತನಿಖೆಯಲ್ಲಿ ತನ್ನ ಮನೆಯವರೆಂದು ಯಾರನ್ನೂ ಬಿಡುವವನಲ್ಲ. ಸುಣ್ಣ ಅಂಗಡಿಯದು, ಅದರಲ್ಲಿ ಏನೋ ಬೆರೆಸಿರುತ್ತಾರೆಂದು ಸುಣ್ಣ ಬಿಟ್ಟ. ಎಲೆ ಬೇರೆಯವರ ತೋಟದ್ದು, ಔಷಧಿ ಹೊಡೆದಿರುತ್ತಾರೆಂದು ಎಲೆ ಬಿಟ್ಟ. ಕೊನೆಗೆ ಕೈಯಲ್ಲಿ ಉಳಿದದ್ದು ತಾನೇ ಬೆಳೆದು, ತಾನೇ ಸುಲಿಸಿ, ಅಡಿಕೆಯದೇ ಕೆಂಪು ರಸವಾದ ಚೊಗರಿನಲ್ಲಿ ಬೇಯಿಸಿ ಕೆಂಪು ಬರಿಸಿದ ಅಡಿಕೆ ಒಂದೇ. ಹೊರಗಿನ ಬಣ್ಣ ಒಂದು ಹನಿಯಿಲ್ಲ. ಎಲೆ ಸುಣ್ಣ ಇಲ್ಲದ ಮೇಲೆ ಬಾಯಿ ತುಂಬುವುದಿಲ್ಲವಲ್ಲ, ಆ ಕೊರತೆಯನ್ನೂ ಅಡಿಕೆಯಿಂದಲೇ ತುಂಬಿಕೊಂಡ. ಬೆಳಗ್ಗೆ ಎದ್ದವನು ಮುಖ ತೊಳೆದು ಹೋಳು ಬಾಯಿಗಿಟ್ಟರೆ, ಊಟಕ್ಕೆ ಮಾತ್ರ ತೆಗೆಯುತ್ತಿದ್ದ. ಊಟವಂತೂ ದಿನದಿನಕ್ಕೆ ಚಿಕ್ಕದಾಗುತ್ತಿತ್ತು.

ಈ ನಡುವೆ ಅವನ ಮಗಳಿಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಸಂಬಂಧ ಬಂತು. ಮೆಕ್ಕೆಜೋಳ, ಶೇಂಗಾ ಬೆಳೆಯುವ ಮನೆ. ಹುಡುಗ ಓದಿಕೊಂಡವನು, ಜಮೀನನ್ನೂ ನೋಡಿಕೊಳ್ಳುತ್ತಿದ್ದ. ನಿಶ್ಚಯದ ದಿನ ನಮ್ಮ ತವರಿನಲ್ಲೇ ಊಟ. ಅಡುಗೆ ಭಟ್ಟರಿಗೆ ಅಣ್ಣ ಮುಂಚೆಯೇ ತಾಕೀತು ಮಾಡಿದ್ದ, ಒಂದು ಚಿಟಿಕೆ ಬಣ್ಣ ಬಿದ್ದರೂ ಪಾತ್ರೆ ಸಮೇತ ಹಿತ್ತಲಿಗೆ ಎಂದು. ಹಾಗಾಗಿ ಜಿಲೇಬಿ ರದ್ದಾಯಿತು. ಕೇಸರಿಬಾತಿಗೆ ಕೇಸರಿ ತರಿಸಬೇಕೆಂದರೆ, ಕೇಸರಿಯ ಹೆಸರಲ್ಲಿ ಜೋಳದ ಕೂದಲಿಗೆ ಬಣ್ಣ ಹಚ್ಚಿ ಮಾರುತ್ತಾರೆಂದು ಫೋನಿನ ಕೋಟಿನವನು ಹೇಳಿಬಿಟ್ಟಿದ್ದ. ಕೇಸರಿಯಿಲ್ಲದ ಕೇಸರಿಬಾತು ಬೆಳ್ಳಗೆ ಎಲೆಯ ಮೇಲೆ ಬಂದು ಕೂತಿತು, ಪಕ್ಕದಲ್ಲಿ ಅರಿಶಿನವಿಲ್ಲದ ಉಪ್ಪಿಟ್ಟು.

ಬಿಳಿಚೋಡಿನಿಂದ ಬಂದ ಹಿರಿಯರೊಬ್ಬರು ಕೇಸರಿಬಾತಿಗೆ ಕಾಯಿ ಚಟ್ನಿ ಕಲಸಿಕೊಂಡು ಬಾಯಿಗಿಟ್ಟರು. ಆಮೇಲೆ ಸ್ವಲ್ಪ ಹೊತ್ತು ಅಗಿಯದೆ, ನುಂಗದೆ, ಗೋಡೆಯ ಮೇಲಿನ ಬಸವಣ್ಣನ ಫೋಟೋ ನೋಡುತ್ತಾ ಕೂತರು. ಇನ್ನೊಬ್ಬರು ಉಪ್ಪಿಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು ಸಿಹಿ ಹುಡುಕುತ್ತಿದ್ದರು. ಬಡಿಸುತ್ತಿದ್ದ ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಅತ್ತಿಗೆ ಅಲ್ಲಿ ಒಲೆಯ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಅಣ್ಣನಂತೂ ಆ ದಿನ ಬೀಗರ ಎದುರು ಹೆಚ್ಚು ಮಾತಾಡಲಿಲ್ಲ. ನಾಲ್ಕು ಮಾತು ಆಡಿದರೆ ದವಡೆ ಬಿಗಿಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಹುಡುಗನ ತಂದೆ ಅದನ್ನು ಗಾಂಭೀರ್ಯ ಅಂದುಕೊಂಡರು. ಅಣ್ಣ ಬಾಳೆಹಣ್ಣನ್ನು ಚೂರು ಚೂರು ಮಾಡಿ ತಿಂದದ್ದನ್ನು ಶಿಸ್ತು ಅಂದುಕೊಂಡರು. ಬೀಗರು ದೊಡ್ಡ ಮನುಷ್ಯರು, ತೂಕದ ಮಾತು, ಹಿತಮಿತ ಊಟ ಎಂದು ಹೊರಡುವಾಗ ನನ್ನ ಹತ್ತಿರ ಹೊಗಳಿ ಹೋದರು.

ಒಂದೇ ಒಂದು ಷರತ್ತನ್ನು ಅಣ್ಣ ಹಾಕಿದ್ದ. ಹುಡುಗನ ಜೇಬಿನಲ್ಲಿ ಸುಪಾರಿ ಪೊಟ್ಟಣ ಕಂಡಿತ್ತು. ವೀಳ್ಯ ಬದಲಾಯಿಸಿಕೊಂಡ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಅದರ ಬೆನ್ನು ಓದಿಸಿ, ಈ ಕಸವನ್ನು ಬಿಟ್ಟರೆ ಮಾತ್ರ ಮಗಳನ್ನು ಕೊಡುತ್ತೇನೆ ಅಂದ. ಹುಡುಗ ಒಳ್ಳೆಯವನು, ಅಲ್ಲೇ ಪೊಟ್ಟಣ ಎಸೆದ. ಅಣ್ಣ ಕಣ್ಣು ತುಂಬಿಕೊಂಡು, ಅಟ್ಟದಿಂದ ಆಯ್ದ ಅಡಿಕೆಯ ಚೀಲ ಇಳಿಸಿ, ಬೀಗರ ಕಾರಿನಲ್ಲಿಟ್ಟ. ಇಷ್ಟು ದಿನ ಕಂಡದ್ದು ತಿಂದಿದ್ದೀರಿ, ಇನ್ನು ಮೇಲೆ ಬರೀ ಇದನ್ನು ಹಾಕಿಕೊಳ್ಳಿ, ಬಾಯಿ ಶುದ್ಧವಾಗಿರುತ್ತದೆ ಎಂದು ಹೇಳಿ ಕಳಿಸಿದ.

ಅದಾಗಿ ಸ್ವಲ್ಪ ಕಾಲಕ್ಕೆ ಅಣ್ಣನಿಗೆ ಹಲ್ಲುನೋವು ಬಂತು. ಲವಂಗ ಇಟ್ಟದ್ದಾಯಿತು, ಲವಂಗದ ಎಣ್ಣೆ ತೆಗೆದುಬಿಟ್ಟಿರುತ್ತಾರೆಂದು ಲವಂಗವನ್ನು ಬೈದದ್ದೂ ಆಯಿತು. ಕೆನ್ನೆ ಊದಿದ ಮೇಲೆ ಅತ್ತಿಗೆ ನನಗೆ ಫೋನ್ ಮಾಡಿದಳು. ಹೊನ್ನಾಳಿಯಲ್ಲಿ ನಮಗೆ ಗೊತ್ತಿದ್ದ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಳು, ಚಿಕ್ಕ ವಯಸ್ಸಿನವಳು. ನಾನು ನ್ಯಾಮತಿಯಿಂದ ಬಸ್ಸು ಹಿಡಿದು ಹೋದೆ. ಅವರಿಬ್ಬರೂ ಆ ಕಡೆಯಿಂದ ಬಂದರು. ಅಣ್ಣ ಕುರ್ಚಿಯಲ್ಲಿ ಒರಗಿದ. ಡಾಕ್ಟರಮ್ಮ ದೀಪ ಹಾಕಿ, ಪುಟ್ಟ ಕನ್ನಡಿ ಹಿಡಿದು, ಬಾಯಿ ತೆಗೆಯಲು ಹೇಳಿದಳು.

“ತೆಗೆದೀನಲ್ರಿ,” ಅಂದ ಅಣ್ಣ.

ಆಕೆ ಇನ್ನೂ ತೆಗೆಯಿರಿ ಅಂದಳು. ಅವನು ಕುತ್ತಿಗೆಯ ನರ ಉಬ್ಬುವ ಹಾಗೆ ಪ್ರಯತ್ನ ಮಾಡಿದ. ಕನ್ನಡಿ ಒಳಗೆ ಹೋಗಲಿಲ್ಲ. ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ಎಂದಳು. ಹೆಬ್ಬೆರಳಿನ ಉಗುರು ಹೋಗುವಷ್ಟು ಜಾಗ ಇತ್ತು. ನಾನು ಅವನ ಬಾಯಿಯನ್ನು ಅಷ್ಟು ದಿನ ನೋಡಿಯೇ ಇರಲಿಲ್ಲ. ಬಾಯಿ ತುಂಬ ನಗುತ್ತಿದ್ದ ಅಣ್ಣ ಯಾವಾಗಿನಿಂದ ಬರೀ ಮೂಗಿನಲ್ಲಿ ನಗತೊಡಗಿದ್ದನೋ, ನೆನಪಿಗೆ ಬರಲಿಲ್ಲ.

ಏನು ಅಗಿಯುತ್ತೀರಿ ಎಂದು ಡಾಕ್ಟರಮ್ಮ ಕೇಳಿದಳು. ಅಣ್ಣನಿಗೆ ಬೇಕಾಗಿದ್ದೇ ಅಂಥ ಪ್ರಶ್ನೆ. ಬಿಗಿದ ಬಾಯಿಯಲ್ಲೇ, ತಾನು ಏನೇನು ಮುಟ್ಟುವುದಿಲ್ಲ ಎಂದು ಶುರು ಮಾಡಿದ. ಬಣ್ಣ, ಟೇಸ್ಟಿಂಗ್ ಪೌಡರು, ಸೋಡಾ, ಪುಡಿ ಉಪ್ಪು ಎಲ್ಲ ಬಂತು. ಆಕೆ ತಾಳ್ಮೆಯಿಂದ ಕೇಳಿ, ಗುಟ್ಕಾ ಹಾಕುತ್ತೀರಾ ಅಂದಳು. ಛೀ ಅಂದ. ತಂಬಾಕು? ಜನ್ಮದಲ್ಲಿ ಮುಟ್ಟಿಲ್ಲ. ಎಲೆ, ಸುಣ್ಣ? ಅವನ್ನೂ ಬಿಟ್ಟು ಬಹಳ ದಿನವಾಯಿತು. ಆಕೆ ದಿಕ್ಕು ತೋಚದೆ ಅತ್ತಿಗೆಯ ಮುಖ ನೋಡಿದಳು.

“ಬರೇ ಅಡಿಕೆ ಹಾಕ್ತಾರ್ರಿ, ಎಲ್ಲಾರ ಹಂಗೆ,” ಅಂದಳು ಅತ್ತಿಗೆ. ಅದೂ ಏನಾದರೂ ಹೇಳುವ ವಿಷಯವೇ ಅನ್ನುವಂತಿತ್ತು ಅವಳ ದನಿ.

“ಅದು ನಮ್ಮನೇದು ರೀ,” ಅಂದ ಅಣ್ಣ. “ಒಂದು ಕಾಳು ಏನೂ ಬೆರೆಸಿಲ್ಲ.”

“ಬೆರೆಸಾದೇನೂ ಬೇಕಾಗಿಲ್ಲ ರೀ ಯಜಮಾನ್ರೆ,” ಅಂದಳು ಡಾಕ್ಟರಮ್ಮ. “ಅದೊಂದೇ ಸಾಕು.”

ಆಮೇಲೆ ಆಕೆ ನಿಧಾನವಾಗಿ ಬಿಡಿಸಿ ಹೇಳಿದಳು. ಅಡಿಕೆಯ ರಸ ಇಳಿದು ಇಳಿದು ಕೆನ್ನೆಯ ಒಳಗಿನ ಮೆತ್ತನೆಯ ಚರ್ಮ ಬಿಳಿಚಿಕೊಂಡು, ನಾರು ಕಟ್ಟಿ, ಬಿಗಿದುಬಿಡುತ್ತದೆ. ಮೊದಲು ಖಾರಕ್ಕೆ ಉರಿ, ಆಮೇಲೆ ಬಾಯಿ ತೆರೆಯುವುದೇ ಕಡಿಮೆ. ಹೋದದ್ದು ಪೂರ್ತಿ ವಾಪಸ್ಸು ಬರುವುದು ಕಷ್ಟ. ಈಗಲೇ ಬಿಟ್ಟರೆ ಮುಂದೆ ಹೋಗದಂತೆ ತಡೆಯಬಹುದು, ಇಂಜೆಕ್ಷನ್ನು, ವ್ಯಾಯಾಮ ಇವೆ. ಬಿಡದಿದ್ದರೆ ಕ್ಯಾನ್ಸರಿಗೂ ತಿರುಗಬಹುದು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಚೀಟಿ ಬರೆದುಕೊಟ್ಟಳು. ಅಡಿಕೆ ತೋಟದ ಮನೆಯವಳೇ ತಾನೂ ಎಂದು ಹೇಳುವಾಗ ಆಕೆಯ ದನಿ ಸಣ್ಣಗಾಗಿತ್ತು.

ಮೆಟ್ಟಿಲಿಳಿದು ಹೊಳೆಯ ಕಡೆಯ ರಸ್ತೆಗೆ ಬಂದ ಮೇಲೆ ಅಣ್ಣ ಫೋನು ತೆಗೆದು ಏನೋ ಹುಡುಕತೊಡಗಿದ. ಅಡಿಕೆಯ ಸಂಖ್ಯೆ ಎಷ್ಟು ಎಂದು ಹುಡುಕುತ್ತಿದ್ದ. ಅದಕ್ಕೆ ಸಂಖ್ಯೆ ಇರಲಿಲ್ಲ. ಎಷ್ಟು ಕೆಳಗೆ ಸರಿಸಿದರೂ ಸಿಗಲಿಲ್ಲ. ನನಗೆ ನಗು ಬರಬೇಕಿತ್ತು, ಅಳು ಬಂತು. ಇಷ್ಟು ದಿನ ಇಡೀ ಜಿಲ್ಲೆಯ ಪೊಟ್ಟಣಗಳನ್ನೆಲ್ಲ ಓದಿದವನು, ಎಲ್ಲರನ್ನೂ ಒಬ್ಬೊಬ್ಬರಾಗಿ ಮನೆಯಿಂದ ಹೊರಗೆ ಹಾಕಿ, ಕಳ್ಳನೊಬ್ಬನನ್ನು ಮಾತ್ರ ಬಾಯೊಳಗೆ ಇಟ್ಟುಕೊಂಡು ಕಾಪಾಡಿದ್ದ.

ಪರೀಕ್ಷೆಯ ಫಲಿತಾಂಶ ದೇವರ ದಯೆಯಿಂದ ಅಷ್ಟು ಕೆಟ್ಟದಾಗಿ ಬರಲಿಲ್ಲ. ಅಣ್ಣ ಅಡಿಕೆ ಬಿಟ್ಟ. ಬಿಟ್ಟದ್ದು ನಿಜ, ಆದರೆ ಯಾಕೆ ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ. ಮಗಳ ಮದುವೆ ಸುಸೂತ್ರವಾಗಿ ಆಗಲೆಂದು ಮನೆದೇವರಿಗೆ ಹರಕೆ ಹೊತ್ತು ಬಿಟ್ಟಿದ್ದೇನೆ ಎಂದು ಊರಲ್ಲಿ ಸುದ್ದಿ ಹಬ್ಬಿಸಿದ. ಊರಿಗೆ ಊರೇ ಅವನ ಭಕ್ತಿಯನ್ನು ಕೊಂಡಾಡಿತು. ಹೆಣ್ಣುಮಗಳಿಗಾಗಿ ಅಡಿಕೆಯನ್ನೇ ತ್ಯಾಗ ಮಾಡಿದ ತಂದೆ ಎಂದು ಮಠದ ಸಭೆಯಲ್ಲಿ ಒಬ್ಬರು ಭಾಷಣದಲ್ಲೂ ಸೇರಿಸಿದರು. ತ್ಯಾಗಮೂರ್ತಿಯ ಮನೆಗೆ ಅಭಿನಂದಿಸಲು ಬಂದವರಿಗೆಲ್ಲ ತ್ಯಾಗಮೂರ್ತಿಯೇ ತಟ್ಟೆ ತುಂಬ ಎಲೆ ಅಡಿಕೆ ಮುಂದಿಡುತ್ತಿದ್ದ. ಬಂದವರು ಹಾಕಿಕೊಂಡು, ಕೆಂಪಗೆ ಉಗುಳಿ, ಬಾಯಿ ತುಂಬ ಹರಸಿ ಹೋಗುತ್ತಿದ್ದರು.

ಬಾಯಿಯ ವ್ಯಾಯಾಮಕ್ಕೆ ಐಸ್‌ಕ್ರೀಮ್ ಕಡ್ಡಿ ಬೇಕಿತ್ತು. ಕಡ್ಡಿಗಳನ್ನು ಒಟ್ಟಿಗೆ ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂರಬೇಕು, ಬಾಯಿ ಸ್ವಲ್ಪ ಸಡಿಲಾದ ಹಾಗೆಲ್ಲ ಇನ್ನೊಂದು ಕಡ್ಡಿ ಸೇರಿಸಬೇಕು. ಅದನ್ನು ಕೊಳ್ಳಲು ಅಣ್ಣ ನಮ್ಮ ಅಂಗಡಿಗೆ ಬಂದ. ಭೂತಗನ್ನಡಿ ತಂದಿರಲಿಲ್ಲ. ಅವತ್ತು ನನ್ನ ಗಂಡ ಗೋದಾಮಿಗೆ ಓಡಲಿಲ್ಲ, ಸ್ಟೂಲು ಹಾಕಿ ಕೂರಿಸಿದರು. ನಾನು ಸಮಯ ನೋಡಿ ಕೇಳಿದೆ, ಬಿಳಿಚೋಡಿನ ಹುಡುಗನಿಗೆ ಹೇಳಿದೆಯಾ ಎಂದು. ಅವನು ಕಡ್ಡಿಗಳ ಕಟ್ಟನ್ನು ಕೈಗೆ ತೆಗೆದುಕೊಂಡ. ಮದುವೆ ಮುಗಿಯಲಿ ಅಂದ. ಹೆಣ್ಣಿನ ತಂದೆಗೆ ಬಾಯಿ ರೋಗ ಎಂದು ಗೊತ್ತಾದರೆ ಬೀಗರು ಏನಂದುಕೊಂಡಾರು. ಅಡಿಕೆ ಬೆಳೆಯುವವನೇ ಅಡಿಕೆ ಕೆಟ್ಟದ್ದು ಅಂದರೆ ಊರವರು ಏನಂದಾರು. ನನ್ನ ಸಿಟ್ಟು ನೆತ್ತಿಗೇರಿತು.

“ಆ ಹುಡುಗನ ಬಾಯಿ ಹೋದ್ರೆ ನಿನ್ನ ಮಗಳು ಏನಂದಾಳು, ಅದನ್ನ ಹೇಳು ಮೊದ್ಲು,” ಅಂದೆ.

“ಒಂದೆರಡು ತಿಂಗ್ಳಿಗೆ ಏನಾಗ್ತೈತೆ ತಂಗಿ,” ಅಂದ. ಆದರೆ ಆ ಮಾತಿನ ಮೇಲೆ ಅವನಿಗೇ ನಂಬಿಕೆ ಇಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಕಡ್ಡಿ ಕಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದ. ನಾನೇ ಬಿಳಿಚೋಡಿಗೆ ಫೋನ್ ಮಾಡಿಬಿಡಲೇ ಎಂದು ಗಂಡನನ್ನು ಕೇಳಿದೆ. ಹುಡುಗಿಯ ತಂದೆ ಇರುವಾಗ ಸೋದರತ್ತೆ ಹೇಳಿದರೆ ಸಂಬಂಧ ಮುರಿಯಲು ಹೇಳಿದಂತಾಗುತ್ತದೆ ಅಂದರು ಅವರು. ಅದೂ ಸರಿ ಅನ್ನಿಸಿತು. ಮನಸ್ಸಿಗೆ ಸಮಾಧಾನ ಮಾತ್ರ ಆಗಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಕೇಸರಿಬಾತಿಗೆ ಈ ಸಲ ಬಣ್ಣ ಇತ್ತು. ಅಣ್ಣ ಅದನ್ನು ನೋಡಿಯೂ ನೋಡದವನ ಹಾಗೆ ಇದ್ದ. ಅತ್ತಿಗೆ ಹಿಗ್ಗಿ ಹೋಗಿ, ಎರಡು ಸಲ ಬಡಿಸಿಕೊಂಡಳು. ಧಾರೆಯ ಹೊತ್ತಿನಲ್ಲಿ ಅಳಿಯನ ಕೆನ್ನೆಯೊಳಗೆ ಏನೋ ಉಬ್ಬಿದ್ದು ನನ್ನ ಕಣ್ಣಿಗೆ ಬಿತ್ತು. ಅಣ್ಣನ ಕಣ್ಣಿಗೂ ಬಿದ್ದಿರಬೇಕು, ತಲೆ ತಗ್ಗಿಸಿದ.

ಆಮೇಲೆ ಬಿಳಿಚೋಡಿನಲ್ಲಿ ಬೀಗರ ಊಟ. ಅಂಗಳದಲ್ಲಿ ಶಾಮಿಯಾನ ಹಾಕಿ, ಸಾಲಾಗಿ ಎಲೆ ಹಾಕಿದ್ದರು. ಅಣ್ಣನಿಗೆ ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕೊಡಲು ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. ಅಳಿಯ ಎದುರು ಸಾಲಿನಲ್ಲಿದ್ದ. ಅನ್ನ ಸಾರಿನ ಎರಡು ತುತ್ತು ಉಂಡವನು ನಾಲಿಗೆ ಹೊರಗೆ ಹಾಕಿ ಕೈಯಿಂದ ಗಾಳಿ ಹಾಕಿಕೊಂಡ. ಅಡುಗೆಯವರು ಏನು ಖಾರ ಸುರಿದಿದ್ದಾರೆ ಎಂದು ನಗುತ್ತಾ, ಮಜ್ಜಿಗೆ ತರಿಸಿ ಕುಡಿದ. ಅವನ ಪಕ್ಕದಲ್ಲಿದ್ದ ಪುಟ್ಟ ಮಕ್ಕಳು ಅದೇ ಸಾರನ್ನು ಸುರ್ರೆಂದು ಸುರಿದುಕೊಂಡು ಉಣ್ಣುತ್ತಿದ್ದರು. ನಾನು ಅಣ್ಣನನ್ನು ನೋಡಿದೆ. ಹೋಳಿಗೆಯ ಬಟ್ಟಲು ಹಿಡಿದ ಅವನ ಕೈ ಹಾಗೇ ನಿಂತಿತ್ತು.

ಊಟ ಮುಗಿದು ಜಮಖಾನದ ಮೇಲೆ ಎಲ್ಲರೂ ಕೂತರು. ಅಳಿಯ ಅರ್ಧ ಊಟಕ್ಕೇ ಎದ್ದಿದ್ದ. ಜೇಬಿನಿಂದ ಸಣ್ಣ ಬಟ್ಟೆಯ ಗಂಟು ಬಿಚ್ಚಿ, ಹೋಳೊಂದನ್ನು ಬಾಯಿಗೆ ಹಾಕಿಕೊಂಡು, ಸುತ್ತಲಿದ್ದ ಹಿರಿಯರಿಗೆ ಹಂಚತೊಡಗಿದ. ಇದು ನಮ್ಮ ಮಾವನ ಮನೆಯದು, ಅವರ ಒಂದು ಮಾತಿಗೆ ಪೊಟ್ಟಣ ಪೂರ್ತಿ ಬಿಟ್ಟುಬಿಟ್ಟೆ, ನನ್ನನ್ನು ನೋಡಿ ನಮ್ಮ ಊರಿನ ನಾಲ್ಕು ಜನ ಗೆಳೆಯರೂ ಇದಕ್ಕೇ ಬಂದಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದ. ಹಿರಿಯರು ಭೇಷ್ ಅಂದರು. ಅಳಿಯ ಮಾವನ ಕಡೆ ತಿರುಗಿದ.

“ಚೀಲ ಮುಗಿಯಾಕೆ ಬಂದೈತ್ರಿ ಮಾವಾರೆ. ಇನ್ನೊಂದು ಕಳಿಸ್ಬೇಕು.”

ಅಣ್ಣ ಎದ್ದು ನಿಂತ. ಜಮಖಾನದ ಮೇಲೆ ಕೂತವರ ಕಾಲು ತುಳಿಯುತ್ತಾ ಹೋಗಿ ಅಳಿಯನ ಎದುರು ನಿಂತ. ಬೀಗರು, ಊರ ಹಿರಿಯರು, ಹೊಸ ಮದುಮಗಳು, ಎಲ್ಲರೂ ನೋಡುತ್ತಿದ್ದಾರೆ. ಅವನು ತನ್ನ ಬಲ ಅಂಗೈಯನ್ನು ಅಳಿಯನ ಗಲ್ಲದ ಕೆಳಗೆ ಒಡ್ಡಿದ.

“ಉಗುಳ್ರಿ,” ಅಂದ.

ಅಳಿಯನಿಗೆ ಅರ್ಥವಾಗಲಿಲ್ಲ. ಮಾವನ ಮುಂದೆ ಹೇಗೆ ಉಗುಳುವುದು. ಹುಡುಗನ ತಂದೆ ಎದ್ದು, ಏನಾಯಿತು ಬೀಗರೇ, ಮಗ ಏನು ತಪ್ಪು ಮಾಡಿದ ಎಂದು ಕೇಳಿದರು. ಅವರ ಮುಖ ಕೆಂಪಾಗಿತ್ತು. ಯಾರೋ ಹೆಂಗಸರು ಅಯ್ಯಯ್ಯೋ ಅಂದರು. ಅಣ್ಣ ಅಂಗೈ ಹಿಂದಕ್ಕೆ ತೆಗೆಯಲಿಲ್ಲ.

“ನನ್ನ ಬಾಯಿ ಹೋಗಿದ್ದು ಇದ್ರಿಂದ್ಲೇ ರೀ,” ಅಂದ. “ಬಣ್ಣ ಅಲ್ಲ, ಪುಡಿ ಅಲ್ಲ. ನಾ ಬೆಳೆದಿದ್ದೇ. ಹರಕೆಗಿರಕೆ ಏನೂ ಇಲ್ಲ, ಎಲ್ಲಾ ಸುಳ್ಳು. ಉಗುಳ್ರಿ ಅಳಿಯಾರೆ, ನಿಮ್ಮ ಕಾಲಿಗೆ ಬೀಳ್ತೀನಿ.”

ಅವನ ಬಾಯಿ ಎಷ್ಟು ತೆರೆಯುತ್ತಿತ್ತೋ ಅಷ್ಟರಲ್ಲೇ ಆ ಮಾತುಗಳು ಹಿಂಡಿಕೊಂಡು ಬಂದವು. ಹತ್ತಿರದಲ್ಲಿದ್ದವರಿಗೆ ಮಾತ್ರ ಸರಿಯಾಗಿ ಕೇಳಿಸಿರಬೇಕು, ಆದರೆ ಅಂಗಳದಲ್ಲಿ ಎಲ್ಲರ ಅಗಿಯುವಿಕೆ ನಿಂತುಹೋಯಿತು. ಅಳಿಯ ಬಗ್ಗಿ, ಮಾವನ ಅಂಗೈ ಮೇಲೆ ಉಗುಳಿದ. ಅತ್ತಿಗೆ ಚೊಂಬಿನಲ್ಲಿ ನೀರು ತಂದು ಅಣ್ಣನ ಕೈಗೆ ಸುರಿದಳು. ಅಣ್ಣ ಕೈ ಒದ್ದೆಯಾಗಿದ್ದಂತೆಯೇ ಅಳಿಯನ ಗಲ್ಲ ಹಿಡಿದು, ಬಾಯಿ ತೆಗೆಯಲು ಹೇಳಿದ. ಅವನು ಮಗುವಿನ ಹಾಗೆ ತೆಗೆದ.

ಅಣ್ಣ ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ನನ್ನನ್ನು ಹುಡುಕಿ ತಿರುಗಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ತೆರೀತೈತೆ ತಂಗಿ,” ಅಂದ. “ಇನ್ನೂ ಪೂರ್ತಿ ತೆರೀತೈತೆ.”